ಬೆಕ್ಕಿನ ಬಾಣಂತನ: 'ಬಿಟ್ಟು ಬರುವ' ಅಹಿಂಸೆಗೊಂದು ಉತ್ತರ

ಬೆಕ್ಕನ್ನು ಕೊಂದವನು ಚಿನ್ನದ ಬೆಕ್ಕನ್ನು ಮಾಡಿಸಿ ದಾನ ಕೊಡಬೇಕು ಎಂಬ ನಂಬಿಕೆ ಕನ್ನಡ ನಾಡಿನ ಹಲವು ಕಡೆ ಇಂದಿಗೂ ಜೀವಂತವಾಗಿದೆ. ದಕ್ಷಿಣ ಕನ್ನಡದ ಪುತ್ತೂರು, ಸುಳ್ಯ, ಕಡಬ ತಾಲೂಕುಗಳ ತೋಟದ ಮನೆಗಳೂ ಇದಕ್ಕೆ ಹೊರತಲ್ಲ. ಪಾಪಭೀತಿಯಿಂದಲೋ ಕರುಣೆಯಿಂದಲೋ ಅಲ್ಲಿಯ ಜನ ಬೆಕ್ಕಿನ ಮೇಲೆ ಕೈಮಾಡಲು ಹಿಂಜರಿಯುತ್ತಾರೆ. ಆದರೆ ಅಟ್ಟದ ಮೇಲೋ, ಸೌದೆ ಕೊಟ್ಟಿಗೆಯಲ್ಲೋ, ಹಟ್ಟಿಯ ಬೈಹುಲ್ಲಿನ ನಡುವೆಯೋ ಹುಟ್ಟಿದ ಮರಿಗಳು ಕಣ್ಣು ಬಿಟ್ಟು ಮನೆಯ ತುಂಬ ಓಡಾಡತೊಡಗಿದಾಗ ಸಮಸ್ಯೆ ಎದುರಾಗುತ್ತದೆ. ಮನೆಗೆ ಬೇಕಾದ ಒಂದನ್ನು ಇಟ್ಟುಕೊಂಡು ಉಳಿದವನ್ನು ಗೋಣಿಚೀಲದಲ್ಲಿ ಹಾಕಿ, ದಾರಿಯ ಗುರುತು ಸಿಗದಂತೆ ಬಾಯಿ ಕಟ್ಟಿ, ದೂರ ಸಾಗಿಸುವುದು ಬಹುಕಾಲದಿಂದ ನಡೆದುಬಂದ ರೂಢಿ. ಮೀನು ಮಾರುಕಟ್ಟೆಯ ಹಿಂಭಾಗ, ಸಂತೆಯ ಬಯಲು, ಪೇಟೆಯ ಹೋಟೆಲುಗಳ ಹಿತ್ತಲು, ಹೊಳೆಯ ಆಚೆ ದಡ ಇವೇ ಆ ಮರಿಗಳ ಮುಂದಿನ ವಿಳಾಸಗಳು. ಕೆಲವೊಮ್ಮೆ ಮರಿಗಳೊಂದಿಗೆ ತಾಯಿಯೂ ಚೀಲ ಸೇರುತ್ತದೆ.

ಈ ಕ್ರಿಯೆಗೆ ಆಡುಮಾತಿನಲ್ಲಿರುವ ಹೆಸರು 'ಬಿಟ್ಟು ಬರುವುದು'. ಈ ಕೂಡು ಕ್ರಿಯಾಪದವು ಗಮನಿಸಬೇಕಾದದ್ದು. ಇದರಲ್ಲಿ ಬಿಟ್ಟವನು ಮನೆಗೆ ಮರಳಿದ ಸುದ್ದಿ ಇದೆ. ಬಿಡಲ್ಪಟ್ಟ ಜೀವ ಏನಾಯಿತೆಂಬ ಸುದ್ದಿ ಇಲ್ಲ. ಕೊಲ್ಲಲಿಲ್ಲವಾದ್ದರಿಂದ ಪಾಪವಿಲ್ಲ ಎಂಬ ಸಮಾಧಾನವು ಭಾಷೆಯಲ್ಲಿಯೇ ಅಡಕವಾಗಿದೆ. ಈ ಸಮಾಧಾನ ನಿಜವೇ, ಬಿಟ್ಟು ಬರುವುದು ಅಹಿಂಸೆಯೇ ಎಂಬುದು ಇಲ್ಲಿಯ ಮೊದಲ ಪ್ರಶ್ನೆ. ಅಲ್ಲವಾದರೆ ತೋಟದ ಮನೆಯವರು ಮಾಡಬೇಕಾದುದೇನು ಎಂಬುದು ಎರಡನೆಯದು.

ಕಾನೂನಿನ ಉತ್ತರ ಸ್ಪಷ್ಟವಾಗಿದೆ, ಆದರೆ ದುರ್ಬಲವಾಗಿದೆ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಕಲಮು, ಹಸಿವು ಬಾಯಾರಿಕೆಗಳಿಂದ ನರಳುವ ಸಂಭವವಿರುವಂತಹ ಸ್ಥಿತಿಯಲ್ಲಿ ಸಕಾರಣವಿಲ್ಲದೆ ಪ್ರಾಣಿಯನ್ನು ತೊರೆಯುವುದನ್ನು ಅಪರಾಧವೆಂದೇ ಪರಿಗಣಿಸುತ್ತದೆ. ಮೊದಲ ಬಾರಿ ಎಸಗಿದ ಅಪರಾಧಕ್ಕೆ ಅದು ವಿಧಿಸುವ ದಂಡ 10 ರೂಪಾಯಿಯಿಂದ 50 ರೂಪಾಯಿ. ಪ್ರಾಣಿಯನ್ನು ಕೊಲ್ಲುವ, ವಿಷವಿಕ್ಕುವ ಅಥವಾ ಅಂಗಹೀನಗೊಳಿಸುವ ಕೃತ್ಯಕ್ಕೆ ಭಾರತೀಯ ನ್ಯಾಯ ಸಂಹಿತೆಯ 325ನೇ ಕಲಮು 5 ವರ್ಷಗಳವರೆಗೆ ಸೆರೆವಾಸವನ್ನು ವಿಧಿಸಬಲ್ಲದು. ಕೊಂದರೆ ಐದು ವರ್ಷ, ಬಿಟ್ಟು ಬಂದರೆ ಐವತ್ತು ರೂಪಾಯಿ. ಚಿನ್ನದ ಬೆಕ್ಕಿನ ನಂಬಿಕೆಯಲ್ಲಿರುವ ತರತಮವೇ ಶಾಸನಗ್ರಂಥದಲ್ಲೂ ಮರುಕಳಿಸಿದೆ ಎನ್ನಬಹುದು.

ಪ್ರಾಚೀನ ನೀತಿಶಾಸ್ತ್ರವು ಈ ವಿಷಯದಲ್ಲಿ ಹೆಚ್ಚು ಸೂಕ್ಷ್ಮವಾಗಿತ್ತು. ಉಮಾಸ್ವಾತಿಯ 'ತತ್ತ್ವಾರ್ಥಸೂತ್ರ'ದ ಏಳನೆಯ ಅಧ್ಯಾಯವು ಗೃಹಸ್ಥನ ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳನ್ನು ಹೆಸರಿಸುತ್ತದೆ: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಕಟ್ಟಿಹಾಕುವುದು, ಹೊಡೆಯುವುದು, ಅಂಗಗಳನ್ನು ಕತ್ತರಿಸುವುದು, ಮಿತಿಮೀರಿ ಹೊರೆ ಹೇರುವುದು, ಅನ್ನನೀರು ಸಿಗದಂತೆ ಮಾಡುವುದು ಎಂದು ಇವುಗಳ ಅರ್ಥ. ಈ ಪಟ್ಟಿಯನ್ನು 1960ರ ಕಾಯ್ದೆಯ 11ನೇ ಕಲಮಿನ ಪಕ್ಕದಲ್ಲಿಟ್ಟು ಓದಿದರೆ ಐದಕ್ಕೂ ಅಲ್ಲಿ ಪ್ರತಿರೂಪ ಸಿಗುತ್ತದೆ. ಸಾವಿರದೈನೂರು ವರ್ಷಗಳಷ್ಟಾದರೂ ಹಳೆಯದಾದ ಸೂತ್ರಗ್ರಂಥವೊಂದು ಮತ್ತು ಆಧುನಿಕ ಸಂಸತ್ತಿನ ಕಾಯ್ದೆಯೊಂದು ಬೇರೆ ಬೇರೆ ದಾರಿಗಳಿಂದ ಬಂದು ಒಂದೇ ಕಡೆ ಸೇರಿವೆ. ಗಮನಿಸಬೇಕಾದ ಅಂಶವೆಂದರೆ, ಸೂತ್ರಕಾರನು ಅನ್ನಪಾನನಿರೋಧವನ್ನು ಹೊಡೆತ ಮತ್ತು ಅಂಗಛೇದಗಳ ಸಾಲಿನಲ್ಲಿಯೇ ಇಟ್ಟಿದ್ದಾನೆ, ಅದಕ್ಕೊಂದು ಕೆಳಗಿನ ದರ್ಜೆಯನ್ನು ಕಲ್ಪಿಸಿಲ್ಲ. ಮೊಲೆಯುಣ್ಣುವ ಮರಿಯನ್ನು ತಾಯಿಯಿಂದ ಅಗಲಿಸಿ ಸಂತೆಯಲ್ಲಿ ಬಿಡುವುದು ಅನ್ನಪಾನನಿರೋಧವಲ್ಲದೆ ಬೇರೇನೂ ಅಲ್ಲ.

'ಕೊಲ್ಲುವ ಉದ್ದೇಶವಿರಲಿಲ್ಲ' ಎಂಬ ವಾದಕ್ಕೆ ಕನ್ನಡ ಸಾಹಿತ್ಯವೇ ಒಂದು ದೊಡ್ಡ ಉತ್ತರವನ್ನು ಇಟ್ಟುಕೊಂಡಿದೆ. ಜನ್ನನ 'ಯಶೋಧರ ಚರಿತೆ' (1209) ಸಂಕಲ್ಪ ಹಿಂಸೆಯ ಕಾವ್ಯ. ತಾಯಿ ಚಂದ್ರಮತಿಯ ಒತ್ತಾಯಕ್ಕೆ ಮಣಿದ ಯಶೋಧರ ಜೀವಂತ ಪ್ರಾಣಿಯನ್ನು ಬಲಿಕೊಡಲೊಪ್ಪದೆ ಹಿಟ್ಟಿನ ಕೋಳಿಯನ್ನು ಕಡಿಯುತ್ತಾನೆ. ಪ್ರಾಣವಿಲ್ಲದ ಆ ಕೋಳಿಯ ನಿಮಿತ್ತ ತಾಯಿಮಗ ಇಬ್ಬರೂ ನವಿಲು ನಾಯಿಗಳಿಂದ ಹಿಡಿದು ಕೋಳಿಗಳವರೆಗೆ ಹಲವು ಪ್ರಾಣಿಜನ್ಮಗಳಲ್ಲಿ ತೊಳಲುತ್ತಾರೆ. ತರಗತಿಗಳಲ್ಲಿ ಈ ಕಾವ್ಯವನ್ನು ಸಾಮಾನ್ಯವಾಗಿ ಕೃತ್ಯವಿಲ್ಲದಿದ್ದರೂ ಸಂಕಲ್ಪವೊಂದೇ ಹಿಂಸೆಯಾಗಬಲ್ಲದು ಎಂಬ ನೆಲೆಯಲ್ಲಿ ವ್ಯಾಖ್ಯಾನಿಸಲಾಗುತ್ತದೆ. ಅದು ಸರಿ. ಆದರೆ ಅದೇ ಕಥೆಗೆ ಇನ್ನೊಂದು ಮುಖವೂ ಇದೆ. ಹಿಟ್ಟಿನ ಕೋಳಿ ಎಂಬುದು ಒಂದು ರಾಜಿಸೂತ್ರ. ಪಾಪ ತಟ್ಟಬಾರದು, ಕೆಲಸವೂ ಆಗಬೇಕು ಎಂಬ ಮನಸ್ಸು ಕಂಡುಕೊಂಡ ಒಳದಾರಿ ಅದು. ಗೋಣಿಚೀಲವೂ ಅಂಥದೇ ಒಳದಾರಿ. ಇಲ್ಲಿ ವ್ಯತ್ಯಾಸವಿರುವುದು ಒಂದೇ: ಚೀಲದಲ್ಲಿರುವುದು ಹಿಟ್ಟಿನ ಮರಿಯಲ್ಲ. ಉಮಾಸ್ವಾತಿ ಹಿಂಸೆಯನ್ನು ವಿವರಿಸುವಾಗ ಪ್ರಮಾದವನ್ನು, ಅಂದರೆ ಎಚ್ಚರಗೇಡಿತನವನ್ನು, ಅದರ ಮೂಲವಾಗಿ ಗುರುತಿಸುತ್ತಾನೆ. ದ್ವೇಷವಿಲ್ಲದಿದ್ದರೂ ಎಚ್ಚರವಿಲ್ಲದ ಕೈಯಿಂದ ಪ್ರಾಣ ಹೋದರೆ ಅದು ಹಿಂಸೆಯೇ. ಬಿಟ್ಟು ಬರುವವನಲ್ಲಿ ಕೊಲ್ಲುವ ಸಂಕಲ್ಪ ಇಲ್ಲದಿರಬಹುದು, ಆದರೆ ಹಿಂತಿರುಗಿ ನೋಡಬಾರದೆಂಬ ಸಂಕಲ್ಪವಂತೂ ಇದೆ.

ಈ ವಾದಕ್ಕೆ ಪರಂಪರೆಯ ಒಳಗಿನಿಂದಲೇ ಏಳುವ ಒಂದು ಗಂಭೀರವಾದ ಆಕ್ಷೇಪವಿದೆ. ಅದನ್ನು ಮರೆಮಾಚುವುದು ಪ್ರಾಮಾಣಿಕವಾಗದು. ಸ್ವಾಮಿ ಕುಮಾರನ ಪ್ರಾಕೃತ ಕೃತಿ 'ಕಾರ್ತಿಕೇಯಾನುಪ್ರೇಕ್ಷೆ'ಯು, ಸದಲಗಾದ ಡಾ. ಆ. ನೇ. ಉಪಾಧ್ಯೆ ಅವರು 1960ರಲ್ಲಿ ಸಂಪಾದಿಸಿದ ಗ್ರಂಥವಿದು, ಅನರ್ಥದಂಡಗಳನ್ನು ಹೇಳುವಾಗ ಬೆಕ್ಕು ಮೊದಲಾದ ಪ್ರಾಣಿಗಳನ್ನು ಇಟ್ಟುಕೊಳ್ಳುವುದನ್ನು ಆಯುಧಗಳ ಮಾರಾಟದ ಜೊತೆಯಲ್ಲಿಯೇ ಸೇರಿಸುತ್ತದೆ. ಹನ್ನೆರಡನೆಯ ಶತಮಾನದ ಹೇಮಚಂದ್ರನ 'ಯೋಗಶಾಸ್ತ್ರ'ವೂ ಶ್ರಾವಕನಿಗೆ ನಿಷಿದ್ಧವಾದ ಕಸುಬುಗಳಲ್ಲಿ ಬೆಕ್ಕು, ನಾಯಿ, ಕೋಳಿ ಮುಂತಾದವುಗಳ ಪೋಷಣೆಯನ್ನು ಎಣಿಸುತ್ತದೆ. ಬೆಕ್ಕು ಬೇಟೆಗಾರ ಪ್ರಾಣಿ, ಅದನ್ನು ಸಾಕುವವನು ಅದರ ಬೇಟೆಯಲ್ಲಿ ಪಾಲುದಾರ ಎಂಬುದು ಇಲ್ಲಿಯ ತರ್ಕ. ಹಾಗಿದ್ದರೆ ಬೆಕ್ಕಿನ ಮರಿಗಳನ್ನು ಪೋಷಿಸಿರೆಂದು ಹೇಳುವುದು ಎಷ್ಟು ಸರಿ?

ಈ ನಿಷೇಧದ ಗುರಿ ಯಾವುದೆಂಬುದನ್ನು ಬಿಡಿಸಿ ನೋಡಬೇಕಾಗುತ್ತದೆ. ಹೇಮಚಂದ್ರನು ಹೇಳುವ ಪೋಷಣೆ ಹಣಕ್ಕಾಗಿ ಮಾಡುವಂಥದು. ಕಾರ್ತಿಕೇಯಾನುಪ್ರೇಕ್ಷೆಯಲ್ಲಿ ಬೆಕ್ಕು ಆಯುಧದ ಪಕ್ಕದಲ್ಲಿ ನಿಂತಿರುವುದೇ ಅರ್ಥಪೂರ್ಣ, ಏಕೆಂದರೆ ಅಲ್ಲಿ ಬೆಕ್ಕು ಒಂದು ಸಾಧನ. ಈ ಅರ್ಥದಲ್ಲಿ ನಿಷೇಧ ಮೊದಲು ತಟ್ಟುವುದು ಕರುಣೆಯಿಂದ ಮರಿ ಸಾಕುವವರಿಗಲ್ಲ. ಕೊಕ್ಕೋ ಕಾಯಿಯನ್ನೂ ಎಳನೀರನ್ನೂ ಅಕ್ಕಿಯ ಮುಡಿಯನ್ನೂ ಇಲಿಗಳಿಂದ ಕಾಯಲು ಬೆಕ್ಕನ್ನು ಇಟ್ಟುಕೊಳ್ಳುವ ಕೃಷಿಕ ವ್ಯವಸ್ಥೆಗೆ. ಆ ವ್ಯವಸ್ಥೆಯನ್ನು ಹಳಿಯುವುದು ಇಲ್ಲಿಯ ಉದ್ದೇಶವಲ್ಲ. ತೋಟದ ಬದುಕಿಗೆ ಅದರದೇ ಆದ ಒತ್ತಡಗಳಿವೆ. ಆದರೆ ಬೆಕ್ಕಿನ ದುಡಿಮೆಯನ್ನು ಪಡೆದು ಅದರ ಸಂತಾನವನ್ನು ಹೊಳೆ ದಾಟಿಸುವವರು ಶಾಸ್ತ್ರದ ನಿಷೇಧವನ್ನು ತಮ್ಮ ನೆರವಿಗೆ ಕರೆಯಲಾಗದು. ಇತ್ತ ಜಿನಸೇನಾಚಾರ್ಯನ ಮಹಾಪುರಾಣವು ದತ್ತಿಯನ್ನು ನಾಲ್ಕು ಬಗೆಯಾಗಿ ವಿಂಗಡಿಸಿ, ದಯೆಗೆ ಪಾತ್ರವಾದ ಜೀವಿಗಳಿಗೆ ಅಭಯ ನೀಡುವುದನ್ನು ದಯಾದತ್ತಿ ಎಂದು ಕರೆಯುತ್ತದೆ. ಶ್ರವಣಬೆಳಗೊಳದ ಶಾಸನಗಳು ದಾನಿಗಳನ್ನು ಹೊಗಳುವಾಗ ಆಹಾರ, ಅಭಯ, ಭೈಷಜ್ಯ, ಶಾಸ್ತ್ರ ಎಂಬ ನಾಲ್ಕು ದಾನಗಳನ್ನು ಒಟ್ಟಿಗೆ ಹೇಳುತ್ತವೆ. ಸಾಧನವಾಗಿ ಇಟ್ಟುಕೊಳ್ಳುವುದು ಬೇರೆ, ಅಭಯವಿತ್ತು ದಾಟಿಸುವುದು ಬೇರೆ. ದೆಹಲಿಯ ಲಾಲ್ ಮಂದಿರದ ಪಕ್ಷಿ ಆಸ್ಪತ್ರೆ ಈ ಭೇದವನ್ನು ಆಚರಣೆಯಲ್ಲೇ ತೋರಿಸಿದೆ. ಅಲ್ಲಿ ಮಾಂಸಾಹಾರಿ ಪಕ್ಷಿಗಳನ್ನು ಒಳರೋಗಿಗಳಾಗಿ ಇಟ್ಟುಕೊಳ್ಳುವುದಿಲ್ಲ, ಆದರೆ ಚಿಕಿತ್ಸೆ ಕೊಡದೆ ಕಳುಹಿಸುವುದೂ ಇಲ್ಲ.

ಇಟ್ಟುಕೊಳ್ಳದೆ ಕಾಪಾಡುವ ಈ ನಡುದಾರಿಗೆ ಇಂದು ನಗರಗಳ ಪ್ರಾಣಿ ಆಶ್ರಯಧಾಮಗಳಲ್ಲಿ 'ಫಾಸ್ಟರಿಂಗ್' ಎಂಬ ಹೆಸರಿದೆ. ಆಶ್ರಯಧಾಮಕ್ಕೆ ಬಂದ ತಾಯಿಬೆಕ್ಕನ್ನೂ ಅದರ ಮರಿಗಳನ್ನೂ ಒಂದು ಮನೆಯವರು ಕೆಲವು ವಾರಗಳ ಮಟ್ಟಿಗೆ ತಮ್ಮಲ್ಲಿರಿಸಿಕೊಂಡು, ಮರಿಗಳು ಹಾಲು ಬಿಟ್ಟ ಮೇಲೆ ಮರಳಿ ಒಪ್ಪಿಸುತ್ತಾರೆ. ಆಹಾರ, ಔಷಧಿ, ವೈದ್ಯರ ಹೊಣೆ ಸಾಮಾನ್ಯವಾಗಿ ಆಶ್ರಯಧಾಮದ್ದು. ಜಾಗ ಮತ್ತು ಸಮಯ ಮನೆಯವರದು. ಮರಿಗಳಿಗೆ ಬೇರೆ ಮನೆಗಳನ್ನು ಹುಡುಕಲಾಗುತ್ತದೆ, ತಾಯಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಲಾಗುತ್ತದೆ. ಈ ಪದ್ಧತಿ ಹುಟ್ಟಲು ಭಾವುಕತೆ ಕಾರಣವಲ್ಲ. ಹಲವು ಕಡೆಗಳಿಂದ ಬಂದ ಪ್ರಾಣಿಗಳು ಒಟ್ಟಿಗಿರುವ ಆಶ್ರಯಧಾಮದಲ್ಲಿ ಎಳೆಯ ಮರಿಗಳಿಗೆ ಸೋಂಕು ಬೇಗ ತಗಲುತ್ತದೆ. ಪ್ಯಾನ್‌ಲ್ಯುಕೋಪೇನಿಯಾ ಎಂಬ ವೈರಾಣು ರೋಗ ಹೊಕ್ಕರೆ ಇಡೀ ಸೂಲಿನ ಮರಿಗಳೇ ಸಾಯಬಹುದು. ಮನೆಯೊಂದರ ಮೂಲೆಯೇ ಅವುಗಳಿಗೆ ಹೆಚ್ಚು ಸುರಕ್ಷಿತ ತಾಣ.

ಕನ್ನಡದಲ್ಲಿ ಇದಕ್ಕೆ ಹೊಸ ಪದವನ್ನು ಟಂಕಿಸುವ ಅಗತ್ಯವಿಲ್ಲ, 'ಬಾಣಂತನ' ಎಂಬ ಪದ ಸಿದ್ಧವಾಗಿಯೇ ಇದೆ. ಹೆರಿಗೆಗೆ ತವರಿಗೆ ಬಂದ ಮಗಳು ಕೆಲವು ತಿಂಗಳು ಅಲ್ಲಿದ್ದು, ಮೈ ಕೈ ಬಲಿತು, ಕೂಸನ್ನೆತ್ತಿಕೊಂಡು ಹೊರಡುತ್ತಾಳೆ. ಹೊರಡುವ ದಿನ ಕಣ್ಣೀರು ಬರುವುದು ಸಹಜ. ಆದರೆ ಮಗಳು ಹೊರಟುಹೋದಳೆಂದು ಬಾಣಂತನ ವ್ಯರ್ಥವಾಯಿತೆಂದು ಯಾವ ತಾಯಿಯೂ ಹೇಳುವುದಿಲ್ಲ. ಕಳುಹಿಸಿಕೊಡುವುದೇ ಅದರ ಸಾರ್ಥಕತೆ. 'ಸಾಕಿ ಬಿಟ್ಟುಕೊಡುವುದು ಕಷ್ಟ, ಮೋಹ ಹತ್ತುತ್ತದೆ' ಎಂದು ಹಿಂಜರಿಯುವವರಿಗೆ ಈ ಪದದಲ್ಲಿಯೇ ಉತ್ತರವಿದೆ. ಬಿಟ್ಟು ಬರುವುದಕ್ಕೂ ಕಳುಹಿಸಿಕೊಡುವುದಕ್ಕೂ ಇರುವ ಅಂತರವೇ ಹಿಂಸೆಗೂ ಅಹಿಂಸೆಗೂ ಇರುವ ಅಂತರ.

ಬೆಕ್ಕಿನ ಬಾಣಂತನಕ್ಕೆ ಬೇಕಾದುದು ಬಹಳವೇನೂ ಇಲ್ಲ. ಗಾಳಿ ಮಳೆ ತಾಗದ, ನಾಯಿಗಳ ಕಾಟವಿಲ್ಲದ ಒಂದು ಕೋಣೆ ಅಥವಾ ಮೂಲೆ, ಹಳೆಯ ಹತ್ತಿಬಟ್ಟೆ ಹಾಸಿದ ರಟ್ಟಿನ ಪೆಟ್ಟಿಗೆ, ನೀರು, ಮಲಮೂತ್ರಕ್ಕೆ ಮರಳು ತುಂಬಿದ ತಟ್ಟೆ, ತಾಯಿಗೆ ದಿನಕ್ಕೆ ಹಲವು ಬಾರಿ ಆಹಾರ. ಹಾಲೂಡಿಸುವ ಬೆಕ್ಕಿಗೆ ಎಂದಿಗಿಂತ ಹೆಚ್ಚು ತಿನ್ನಲು ಬೇಕು. ಹುಟ್ಟಿದಾಗ ಸುಮಾರು 100 ಗ್ರಾಂ ತೂಗುವ ಮರಿಗೆ ಸ್ವಂತ ಮೈಬಿಸಿಯನ್ನು ಕಾಯ್ದುಕೊಳ್ಳುವ ಶಕ್ತಿಯಿಲ್ಲ, ತಾಯಿ ನೆಕ್ಕದಿದ್ದರೆ ಮೂತ್ರ ವಿಸರ್ಜನೆಯೂ ಆಗುವುದಿಲ್ಲ. ಒಂದರಿಂದ ಎರಡು ವಾರಗಳೊಳಗೆ ಕಣ್ಣು ತೆರೆಯುತ್ತದೆ. ನಾಲ್ಕನೆಯ ವಾರದ ಹೊತ್ತಿಗೆ ಮೆತ್ತಗಿನ ಆಹಾರಕ್ಕೆ ಬಾಯಿ ಹಾಕುತ್ತದೆ. ಎಂಟನೆಯ ವಾರಕ್ಕೆ ಹಾಲು ಬಿಡುತ್ತದೆ. ಚಿಕ್ಕ ತಕ್ಕಡಿಯಲ್ಲಿ ದಿನವೂ ತೂಗಿ ಬರೆದಿಟ್ಟರೆ ಸಾಕು, ತೂಕ ಏರದ ಮರಿಯೇ ಮೊದಲು ವೈದ್ಯರನ್ನು ಕಾಣಬೇಕಾದ ಮರಿ. ಆರರಿಂದ ಎಂಟು ವಾರಗಳ ನಡುವೆ ಮೊದಲ ಲಸಿಕೆ ಹಾಕಿಸಬಹುದು. ಎರಡರಿಂದ ಏಳನೆಯ ವಾರದವರೆಗೆ ಮನುಷ್ಯರ ಕೈಯಲ್ಲಿ ಬೆಳೆದ ಮರಿ ಮುಂದೆ ಸಾಮಾನ್ಯವಾಗಿ ಮನುಷ್ಯರಿಗೆ ಅಂಜುವುದಿಲ್ಲ. ಹೊಸ ಮನೆ ಸಿಗಲು ಇದೇ ದೊಡ್ಡ ಅರ್ಹತೆ.

ಒಳ್ಳೆಯ ಮನಸ್ಸಿನಿಂದಲೇ ಆಗುವ ತಪ್ಪುಗಳೂ ಇವೆ. ಅನಾಥ ಮರಿಗೆ ಹಸುವಿನ ಹಾಲು ಕುಡಿಸುವುದು ಅವುಗಳಲ್ಲಿ ಮುಖ್ಯವಾದದ್ದು. ಅದು ಜೀರ್ಣವಾಗದೆ ಭೇದಿಯಾಗಿ ಮರಿ ಸಾಯಬಹುದು. ಮರಿಗಳನ್ನು ಮಾತ್ರ ಎತ್ತಿತಂದು ತಾಯಿಯನ್ನು ಬಿಟ್ಟುಬರುವುದು ಎರಡನೆಯದು. ತಾಯಿ ಆಹಾರ ಹುಡುಕಿ ಹೋದ ಹೊತ್ತಿನಲ್ಲಿ ಕಂಡ ಮರಿಗಳು ಅನಾಥವೆಂದು ಭಾವಿಸದೆ, ಕೆಲವು ಗಂಟೆ ದೂರದಿಂದ ಕಾದು ನೋಡಬೇಕು. ಹಾಲೂಡಿಸುತ್ತಿರುವ ಬೆಕ್ಕು ಗರ್ಭ ಧರಿಸದೆಂಬ ನಂಬಿಕೆ ಮೂರನೆಯ ತಪ್ಪು. ಗರ್ಭಾವಧಿ ಸುಮಾರು ಒಂಬತ್ತು ವಾರ. ವರ್ಷಕ್ಕೆ ಎರಡು ಮೂರು ಸೂಲು ಸಾಧ್ಯ. ಮರಿಯೇ ಆರು ತಿಂಗಳೊಳಗೆ ತಾಯಿಯಾಗಲು ಸಿದ್ಧವಾಗಬಹುದು. ಆದ್ದರಿಂದ ಸಂತಾನಹರಣವಿಲ್ಲದ ಬಾಣಂತನ ಅಪೂರ್ಣ. ಅದಿಲ್ಲದಿದ್ದರೆ ಒಂದು ಚೀಲವನ್ನು ತಪ್ಪಿಸಿ ಇನ್ನೊಂದು ಚೀಲವನ್ನು ಸಿದ್ಧಪಡಿಸಿದಂತಾಗುತ್ತದೆ.

ಸಾಕಲು ಕೊಟ್ಟ ಮಾತ್ರಕ್ಕೆ ಪೋಷಣೆ ನಡೆಯುವುದಿಲ್ಲ ಎಂಬುದನ್ನು ಕನ್ನಡದ ಮಕ್ಕಳೆಲ್ಲ ಕೇಳಿ ಬೆಳೆದ ತೆನಾಲಿ ರಾಮಕೃಷ್ಣನ ಬೆಕ್ಕಿನ ಕಥೆ ಚೆನ್ನಾಗಿ ಹೇಳುತ್ತದೆ. ಕೃಷ್ಣದೇವರಾಯ ಇಲಿಗಳ ಕಾಟ ತಪ್ಪಿಸಲು ಬೆಕ್ಕಿನ ಮರಿಗಳನ್ನೂ ಅವುಗಳ ಹಾಲಿಗೆಂದು ಹಸುಗಳನ್ನೂ ಹಂಚುತ್ತಾನೆ. ರಾಮಕೃಷ್ಣ ಮರಿಯ ಮುಂದೆ ಕುದಿಯುವ ಹಾಲಿಟ್ಟು ಅದರ ಬಾಯಿ ಸುಡಿಸುತ್ತಾನೆ. ಆಮೇಲೆ ಹಾಲು ಕಂಡರೆ ಓಡುವ ಬೆಕ್ಕನ್ನು ಆಸ್ಥಾನದಲ್ಲಿ ಪ್ರದರ್ಶಿಸುತ್ತಾನೆ. ಕೇಳುಗರು ಅವನ ಜಾಣತನಕ್ಕೆ ನಗುತ್ತಾರೆ. ಸುಟ್ಟ ಬಾಯಿಯ ಮರಿಯ ಕಡೆಯಿಂದ ಕಥೆಯನ್ನು ಓದುವವರು ವಿರಳ. ಹಾಗೆ ಓದಿದರೆ ಅದು ಮೇಲ್ವಿಚಾರಣೆಯಿಲ್ಲದ ಸರ್ಕಾರಿ ಯೋಜನೆಯೊಂದರ ಕಥೆ. ರಾಜನು ವರ್ಷಕ್ಕೊಮ್ಮೆ ಬೆಕ್ಕನ್ನು ತರಿಸಿ ನೋಡುವ ಬದಲು ತಿಂಗಳಿಗೊಮ್ಮೆ ಮನೆಗೆ ಯಾರನ್ನಾದರೂ ಕಳುಹಿಸಿದ್ದರೆ ಕಥೆಯೇ ಇರುತ್ತಿರಲಿಲ್ಲ. ಇಂದಿನ ಬಾಣಂತನ ವ್ಯವಸ್ಥೆಗೂ ಇದೇ ಪಾಠ: ಮರಿಗಳನ್ನು ಕೊಟ್ಟವರು ನಡುನಡುವೆ ಬಂದು ನೋಡಬೇಕು, ಕರೆದಾಗ ವೈದ್ಯರು ಸಿಗಬೇಕು, ಅವಧಿ ಮುಗಿದಾಗ ಮರಳಿ ಪಡೆಯುವ ಮಾತು ಉಳಿಯಬೇಕು.

ಸಾಹಿತ್ಯ ಪರಂಪರೆಯಲ್ಲಿ ಬೆಕ್ಕಿಗೆ ಒಳ್ಳೆಯ ಹೆಸರಿಲ್ಲ ಎಂಬುದೂ ಈ ಉದಾಸೀನಕ್ಕೆ ಒಂದು ಕಾರಣವಿರಬಹುದು. ಮಹಾಭಾರತದ ಕಪಟ ತಪಸ್ವಿ ಬೆಕ್ಕು, ಮಾಮಲ್ಲಪುರದ ಶಿಲ್ಪದಲ್ಲಿ ಇಲಿಗಳ ನಡುವೆ ತಪಸ್ಸಿಗೆ ನಿಂತ ಬೆಕ್ಕು, ಕಣ್ಣು ಮುಚ್ಚಿ ಹಾಲು ಕುಡಿಯುವ ಗಾದೆಯ ಬೆಕ್ಕು, ಎಲ್ಲವೂ ಬೂಟಾಟಿಕೆಯ ರೂಪಕಗಳು. ಆದರೆ ತಾಯಿಬೆಕ್ಕಿಗೆ ಬೇರೆಯೇ ಸ್ಥಾನವಿದೆ. ತೆಂಗಲೆ ಶ್ರೀವೈಷ್ಣವ ಪರಂಪರೆಯು ಭಗವಂತನ ನಿರ್ಹೇತುಕ ಕೃಪೆಯನ್ನು ವಿವರಿಸಲು ಮಾರ್ಜಾಲಕಿಶೋರ ನ್ಯಾಯವನ್ನು ಆರಿಸಿಕೊಂಡಿತು. ಕೋತಿಯ ಮರಿ ತಾಯಿಯನ್ನು ತಾನೇ ಅವಚಿಕೊಳ್ಳಬೇಕು; ಬೆಕ್ಕಿನ ಮರಿಗೆ ಆ ಶ್ರಮವಿಲ್ಲ, ತಾಯಿಯೇ ಕಚ್ಚಿ ಎತ್ತಿಕೊಂಡು ಹೋಗುತ್ತದೆ. ಮುಕ್ತಿಗೆ ಉಪಮೆಯಾದ ಈ ತಾಯಿ ಸಂತೆಯ ಬಯಲಿನಲ್ಲಿ ಮರಿಗಳನ್ನು ಕಚ್ಚಿಕೊಂಡು ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಅಲೆಯುವುದು ವಿಪರ್ಯಾಸ.

ಮೂರು ತಾಲೂಕುಗಳ ವಾಸ್ತವಕ್ಕೆ ಬಂದರೆ ತೊಡಕುಗಳು ಸ್ಪಷ್ಟವಾಗುತ್ತವೆ. ಪ್ರಾಣಿ ಆಶ್ರಯಧಾಮವೆಂದರೆ ಇಲ್ಲಿಯವರಿಗೆ ನೆನಪಾಗುವುದು ಮಂಗಳೂರು. ಅಲ್ಲಿಯ ಶಕ್ತಿನಗರದಲ್ಲಿ ಅನಿಮಲ್ ಕೇರ್ ಟ್ರಸ್ಟ್ ಇದೆ. ಪುತ್ತೂರಿನಿಂದ ಮಂಗಳೂರಿಗೆ ಸುಮಾರು 50 ಕಿಲೋಮೀಟರು, ಸುಳ್ಯದಿಂದ ಸುಮಾರು 85. ಜಡಿಮಳೆಯ ಆಷಾಢದಲ್ಲಿ ಕಣ್ಣು ಬಿಡದ ಮರಿಗಳನ್ನು ಅಷ್ಟು ದೂರ ಒಯ್ಯಲಾಗದು. ಪ್ರತಿ ಜಿಲ್ಲೆಗೂ ಒಂದು ಪ್ರಾಣಿ ದಯಾ ಸಂಘ ಇರಬೇಕೆಂದು 2001ರ ಕೇಂದ್ರ ನಿಯಮಗಳು ಹೇಳುತ್ತವೆ, ತಾಲೂಕಿನ ಮಾತನ್ನು ಎತ್ತುವುದಿಲ್ಲ. 2019ರ 20ನೇ ಜಾನುವಾರು ಗಣತಿಯು ದನ, ಎಮ್ಮೆ, ಆಡು, ಹಂದಿಗಳೊಂದಿಗೆ ನಾಯಿ, ಮೊಲ, ಆನೆಗಳನ್ನೂ ಎಣಿಸಿತು. ಬೆಕ್ಕು ಆ ಪಟ್ಟಿಯಲ್ಲಿ ಇರಲಿಲ್ಲ. ಎಣಿಕೆಗೆ ಸಿಗದ ಜೀವಕ್ಕೆ ಯೋಜನೆಯಲ್ಲಿ ಸ್ಥಾನ ಸಿಗುವುದು ಕಷ್ಟ.

ಆದರೂ ದೊಡ್ಡ ಕಟ್ಟಡಕ್ಕಾಗಿ ಕಾಯಬೇಕಾದ ಕೆಲಸ ಇದಲ್ಲ. ಬಾಣಂತನದ ಪದ್ಧತಿಯ ಹೆಚ್ಚುಗಾರಿಕೆಯೇ ಅದು: ಅಲ್ಲಿ ಆಶ್ರಯಧಾಮವೆಂದರೆ ಮನೆಗಳ ಒಂದು ಪಟ್ಟಿ. ಮೂರೂ ತಾಲೂಕುಗಳಲ್ಲಿ ಸರ್ಕಾರಿ ಪಶು ಆಸ್ಪತ್ರೆಗಳಿವೆ. ಕಡಬ ತಾಲೂಕಿನ ಕೊಯಿಲದಲ್ಲಿ ಜಾನುವಾರು ಸಂವರ್ಧನಾ ಕ್ಷೇತ್ರವಿದ್ದು, ಅಲ್ಲಿಗೆ ಪಶುವೈದ್ಯಕೀಯ ಕಾಲೇಜು ಮಂಜೂರಾಗಿ ವರ್ಷಗಳೇ ಸಂದಿವೆ. ಪುತ್ತೂರು ಸುಳ್ಯಗಳಲ್ಲಿ ಕಾಲೇಜುಗಳಿಗೆ ಕೊರತೆಯಿಲ್ಲ, ಅವುಗಳಲ್ಲಿ ರಾಷ್ಟ್ರೀಯ ಸೇವಾ ಯೋಜನೆಯ ಘಟಕಗಳಿವೆ. ಪಶು ಆಸ್ಪತ್ರೆಯಲ್ಲಿ ಒಂದು ನೋಂದಣಿ ಪುಸ್ತಕ, ಬಾಣಂತನಕ್ಕೆ ಒಪ್ಪಿದ ಹತ್ತಾರು ಮನೆಗಳ ಹೆಸರು, ತಿಂಗಳಿಗೊಂದು ನಿಗದಿತ ದಿನ ಸಂತಾನಹರಣ ಶಸ್ತ್ರಚಿಕಿತ್ಸೆ, ಮರಿಗಳಿಗೆ ಮನೆ ಹುಡುಕುವ ವಿದ್ಯಾರ್ಥಿಗಳ ತಂಡ, ಇಷ್ಟಿದ್ದರೆ ಆರಂಭಕ್ಕೆ ಸಾಕು. ಶಸ್ತ್ರಚಿಕಿತ್ಸೆಯ ವೆಚ್ಚವನ್ನು ಬಡ ಮನೆಯ ಮೇಲೆ ಹೊರಿಸದೆ ಪಂಚಾಯತಿಯೋ ಸಂಘಸಂಸ್ಥೆಗಳೋ ವಹಿಸಿಕೊಳ್ಳಬೇಕು. ಮನೆಗೆಲಸ, ಹಟ್ಟಿಕೆಲಸ, ತೋಟದ ಕೆಲಸಗಳ ಮೇಲೆ ಬೆಕ್ಕಿನ ಬಾಣಂತನವೂ ಮನೆಯ ಹೆಂಗಸರ ತಲೆಗೇ ಬೀಳದಂತೆಯೂ ನೋಡಿಕೊಳ್ಳಬೇಕು. ಇಲ್ಲದಿದ್ದರೆ ಒಂದು ಜೀವಕ್ಕೆ ಅಭಯ ಕೊಡಲು ಇನ್ನೊಂದು ಜೀವದ ಮೇಲೆ ಅತಿಭಾರ ಹೇರಿದಂತಾಗುತ್ತದೆ.

ಇದಕ್ಕೆ ಪೂರ್ವನಿದರ್ಶನವೂ ಇದೆ. 1832ರಲ್ಲಿ ಮುಂಬಯಿಯ ಬೀದಿ ನಾಯಿಗಳನ್ನು ಕೊಲ್ಲಿಸುವ ಆಡಳಿತದ ಆಜ್ಞೆಯ ವಿರುದ್ಧ ಪಾರ್ಸಿಗಳು ದಂಗೆ ಎದ್ದರು. ಉಳಿದ ಸಮುದಾಯಗಳೂ ಜೊತೆಗೂಡಿದವು. ಎರಡು ವರ್ಷಗಳ ಬಳಿಕ, 1834ರಲ್ಲಿ, ಜಮ್ಶೆಡ್ಜಿ ಜೀಜೀಭಾಯ್ ಮತ್ತು ಅಮೀಚಂದ್ ಶಾಹ ಅವರ ಮುಂದಾಳುತನದಲ್ಲಿ ಮುಂಬಯಿ ಪಾಂಜರಾಪೋಳ ಸ್ಥಾಪನೆಯಾಯಿತು. ಕೊಲ್ಲಬೇಡಿರೆಂಬ ಕೂಗು ಕೂಗಾಗಿಯೇ ಉಳಿಯದೆ, ಹಾಗಾದರೆ ಇವನ್ನು ಎಲ್ಲಿಡುವುದು ಎಂಬ ಪ್ರಶ್ನೆಗೆ ಉತ್ತರವನ್ನೂ ಹುಡುಕಿಕೊಂಡಿತು. ಕೊಲ್ಲದಿರುವುದು ಅಹಿಂಸೆಯ ಅರ್ಧ ಭಾಗ, ಉಳಿದರ್ಧ ಈ ಪ್ರಶ್ನೆಯಲ್ಲಿದೆ. ಬೆಕ್ಕನ್ನು ಕೊಲ್ಲದ ಪುತ್ತೂರು, ಸುಳ್ಯ, ಕಡಬದ ಮನೆಗಳು ಮೊದಲರ್ಧವನ್ನು ತಲೆಮಾರುಗಳಿಂದ ಪಾಲಿಸಿಕೊಂಡು ಬಂದಿವೆ.

ಬೆಕ್ಕು ತನ್ನ ಮರಿಗಳನ್ನು ಏಳು ಮನೆ ಸುತ್ತಿಸುತ್ತದೆ ಎಂಬ ಮಾತು ಜನರಲ್ಲಿದೆ. ಅಪಾಯ ಕಂಡ ತಾಯಿ ಮರಿಗಳ ಜಾಗ ಬದಲಿಸುತ್ತದೆ ಎಂಬ ಅನುಭವವೇ ಈ ಮಾತಾಗಿ ನಿಂತಿರಬೇಕು. ಆ ಏಳರಲ್ಲಿ ಒಂದು ಮನೆಯಾಗಲು ಎಂಟು ವಾರಗಳ ಸಮಯವೂ ಒಂದು ರಟ್ಟಿನ ಪೆಟ್ಟಿಗೆಯೂ ಸಾಕು. ಆ ಮನೆ ಸಿಗದಿದ್ದಾಗ ಮಾತ್ರ ಗೋಣಿಚೀಲಕ್ಕೆ ಕೆಲಸ ಉಳಿಯುತ್ತದೆ.